ಕೆಂಚ ಹೋದ ಮೇಲೆ ಬೆಳ್ಳಿಗೆ ಊಟ ಹಿಡಿಸಿದ್ದು

ಜೊತೆಯ ಬೆಕ್ಕು ಸತ್ತು, ಉಳಿದ ಬೆಕ್ಕು ತಟ್ಟೆ ಮುಟ್ಟದೇ ಕೂತಾಗ ಜನ ಹೇಳುವುದು ಒಂದೇ ಮಾತು: "ಪಾಪ, ಬೇಜಾರು. ಹಸಿವಾದ್ರೆ ತಾನೇ ತಿನ್ನುತ್ತೆ ಬಿಡು." ಬೆಕ್ಕನ್ನು ಹಾಗೆ ಬಿಡುವಂತಿಲ್ಲ. ಎರಡು ಮೂರು ದಿನ ಹೊಟ್ಟೆಗೆ ಏನೂ ಬೀಳದಿದ್ದರೆ ಅದರ ಮೈಯ ಕೊಬ್ಬು ಕರಗಿ ಲಿವರ್‌ಗೆ ಹೋಗಿ ತುಂಬಿಕೊಳ್ಳತೊಡಗುತ್ತದೆ. ಲಿವರ್ ಕೆಟ್ಟರೆ ವಾಕರಿಕೆ ಬರುತ್ತದೆ, ವಾಕರಿಕೆ ಬಂದರೆ ಊಟ ಇನ್ನೂ ದೂರ. ಮೈ ತುಂಬಿಕೊಂಡ ಬೆಕ್ಕಿಗೆ ಈ ಅಪಾಯ ಜಾಸ್ತಿ. ನಮ್ಮ ಬೆಳ್ಳಿ ಹಾಗೆ ಮೈ ತುಂಬಿಕೊಂಡವಳೇ. ಅದಕ್ಕೇ ಅವಳ ದುಃಖ ಏನಿದ್ದರೂ ಆಮೇಲೆ, ಮೊದಲು ಊಟ ಅಂತ ನಾನು ನಿರ್ಧರಿಸಿದೆ.

ನಮ್ಮ ಮನೆ ಕುಂದಾಪುರದ ಹತ್ತಿರ. ಕೆಂಚ ದೊಡ್ಡವನು, ಬೆಳ್ಳಿ ಅವನು ಇರುವಾಗಲೇ ಮರಿಯಾಗಿ ಬಂದವಳು. ಬಚ್ಚಲು ಮನೆಯ ಹಂಡೆಯ ಒಲೆ ಪಕ್ಕದಲ್ಲಿ ಒಂದು ಗೋಣಿ ಹಾಸಿದ್ದೆವು. ರಾತ್ರಿ ಇಬ್ಬರೂ ಅದರ ಮೇಲೆ ಒಬ್ಬರ ಮೈ ಮೇಲೆ ಒಬ್ಬರು ಮಲಗುತ್ತಿದ್ದರು. ಕೆಂಚನಿಗೆ ಕಿಡ್ನಿ ಹೋಯಿತು. ಮುದಿ ಬೆಕ್ಕುಗಳಲ್ಲಿ ಇದು ತುಂಬಾ ಸಾಮಾನ್ಯ. ನೀರು ಜಾಸ್ತಿ ಕುಡಿಯುವುದು, ಉಚ್ಚೆ ಜಾಸ್ತಿ, ಮೈ ಮಾತ್ರ ಇಳಿಯುತ್ತಾ ಹೋಗುವುದು. ಚರ್ಮದಡಿ ಸಲೈನ್ ಕೊಡುತ್ತಾ ಒಂದಷ್ಟು ಕಾಲ ಉಳಿಸಿಕೊಂಡೆವು. ಆಮೇಲೆ ಹೋದ.

ಬೆಳ್ಳಿ ಸತ್ತ ಕೆಂಚನನ್ನು ಮೂಸಿದಳು, ತಿರುಗಿ ಹೋದಳು. ಸತ್ತದ್ದನ್ನು ತೋರಿಸಿದರೆ ಬೆಕ್ಕು ಹುಡುಕುವುದಿಲ್ಲ ಎನ್ನುತ್ತಾರೆ. ಬೆಳ್ಳಿ ಹುಡುಕಿದಳು. ಮುಸ್ಸಂಜೆ ಆದರೆ ಸಾಕು, ಕೋಣೆಯಿಂದ ಕೋಣೆಗೆ ಹೋಗುತ್ತಾ ಗಂಟಲಿನೊಳಗಿಂದ ಉದ್ದಕ್ಕೆ ಕೂಗುವಳು. ಊಟ ಕೇಳುವಾಗಿನ ಕೂಗು ಅಲ್ಲ ಅದು. ಹಗಲು ಅಟ್ಟದ ಮೇಲೆ ಹಳೇ ಪೆಟ್ಟಿಗೆಗಳ ಹಿಂದೆ. ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದ್ದಳು, ಬಾಲದ ಬುಡದಲ್ಲಿ ಕೂದಲು ಜಡೆಗಟ್ಟಿತ್ತು. ತಟ್ಟೆ ಮೂಸುವುದು, ಮುಖ ತಿರುಗಿಸುವುದು.

ಬೆಕ್ಕಿಗೆ ಇಷ್ಟೆಲ್ಲ ಗೊತ್ತಾಗುತ್ತದಾ ಅಂತ ಕೇಳುವವರಿದ್ದಾರೆ. 2024ರಲ್ಲಿ ಅಮೆರಿಕದ ಮಿಶಿಗನ್ನಿನ ಓಕ್‌ಲ್ಯಾಂಡ್ ವಿಶ್ವವಿದ್ಯಾಲಯದವರು ನಾನೂರಕ್ಕೂ ಹೆಚ್ಚು ಬೆಕ್ಕು ಸಾಕುವವರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಜೊತೆಯ ಪ್ರಾಣಿ ಸತ್ತ ಮೇಲೆ ಬೆಕ್ಕುಗಳ ಊಟ, ನಿದ್ದೆ, ಆಟ ಕಡಿಮೆಯಾಗಿತ್ತು. ಅಡಗಿ ಕೂರುವುದು, ಮನೆಯವರಿಗೆ ಅಂಟಿಕೊಳ್ಳುವುದು, ಹೋದವರನ್ನು ಹುಡುಕುವುದು ಹೆಚ್ಚಾಗಿತ್ತು. ಅದರಲ್ಲೇ ಇನ್ನೊಂದು ಅಂಶವೂ ಇದೆ, ನನಗೆ ಅದೇ ಮುಖ್ಯ ಅನ್ನಿಸಿತು. ಯಾರು ತಾವೇ ಜಾಸ್ತಿ ದುಃಖಪಟ್ಟಿದ್ದರೋ ಅವರಿಗೆ ತಮ್ಮ ಬೆಕ್ಕಿನಲ್ಲೂ ದುಃಖ ಜಾಸ್ತಿ ಕಂಡಿತ್ತು. ನಾವು ಅಳುತ್ತಿರುವಾಗ ಬೆಕ್ಕಿನ ಮುಖದಲ್ಲೂ ಅಳುವೇ ಕಾಣುತ್ತದೆ, ಅಲ್ವಾ? ಹಾಗಾದಾಗ ಅದರ ಹಿಂದೆ ಇರುವ ನೋವು, ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ನಾನು ತೂಕ ನೋಡುತ್ತಾ ಹೋದೆ. ಲಗೇಜು ತೂಗುವ ನೇತಾಡುವ ತಕ್ಕಡಿ ಇತ್ತು. ಗಟ್ಟಿ ಬಟ್ಟೆಯ ಚೀಲದಲ್ಲಿ ಬೆಳ್ಳಿಯನ್ನು ಕೂರಿಸಿ, ತಲೆ ಹೊರಗೆ ಬಿಟ್ಟು, ಕೊಕ್ಕೆಗೆ ಸಿಕ್ಕಿಸಿ ಎತ್ತುವುದು, ಆಮೇಲೆ ಖಾಲಿ ಚೀಲದ ತೂಕ ಕಳೆಯುವುದು. ದಿನಾ ಅದೇ ಹೊತ್ತಿಗೆ. ಬೆಕ್ಕನ್ನು ಎತ್ತಿಕೊಂಡು ನಾವೇ ತಕ್ಕಡಿ ಹತ್ತಿದರೆ ನೂರು ಗ್ರಾಂ ಹೆಚ್ಚುಕಮ್ಮಿ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕು ಕೆ.ಜಿ. ಬೆಕ್ಕಿಗೆ ನೂರು ಗ್ರಾಂ ಅಂದರೆ ಸಣ್ಣದಲ್ಲ.

ತಟ್ಟೆ ಬಿಟ್ಟ ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಅವರು ಜ್ವರ ನೋಡಿದರು, ರಕ್ತ ತೆಗೆದರು, ಆಮೇಲೆ ತುಟಿ ಎತ್ತಿ ಬಾಯಿ ನೋಡಿದರು. ಎಡಗಡೆ ದವಡೆ ಹಲ್ಲಿನ ಬುಡ ಕೆಂಪಗೆ ಊದಿಕೊಂಡಿತ್ತು. "ಬೇಜಾರೂ ಇರಬಹುದು, ಆದ್ರೆ ಇದು ನೋವೂ ಹೌದು" ಎಂದರು. ಮುಖ ನೋಡಿ ನೋವು ಗುರುತಿಸುವ ಕ್ರಮವನ್ನು ಅವರೇ ತೋರಿಸಿಕೊಟ್ಟರು. ಕಿವಿಗಳು ಒಂದಕ್ಕೊಂದು ದೂರ ಸರಿದು ಹೊರಕ್ಕೆ ತಿರುಗುತ್ತವೆ, ಕಣ್ಣು ಕಿರಿದಾಗುತ್ತದೆ, ಮೂತಿ ಬಿಗಿಯುತ್ತದೆ, ತಲೆ ಭುಜಕ್ಕಿಂತ ಕೆಳಗೆ ಇಳಿಯುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನು ಅಂಕ ಕೊಟ್ಟು ಅಳೆಯುವ ಹಾಗೆ ಮಾಡಿದ್ದಾರೆ. ಬೆಳ್ಳಿಯ ಮುಖದಲ್ಲಿ ನಾವು ದುಃಖ ಅಂದುಕೊಂಡದ್ದರಲ್ಲಿ ಅರ್ಧ ಹಲ್ಲುನೋವು. ಹಲ್ಲು ಕೀಳಿಸಿದ್ದು ಆಮೇಲೆ. ಆಗ ಬೆಕ್ಕಿಗೆ ಕೊಡಬಹುದಾದ ನೋವಿನ ಔಷಧ ಕೊಟ್ಟರು. ಇಲ್ಲೊಂದು ಮಾತು ಜೋರಾಗಿಯೇ ಹೇಳುತ್ತೇನೆ: ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಜೀವ ತೆಗೆಯಬಹುದು.

ನೋವು ಇಳಿದ ಮೇಲೂ ಊಟ ಪೂರ್ತಿ ಬರಲಿಲ್ಲ, ಸಂಜೆಯ ಕೂಗೂ ನಿಲ್ಲಲಿಲ್ಲ. ಹಾಗಾಗಿ ಬೇಜಾರು ಸುಳ್ಳಲ್ಲ.

ಊಟ ಹಿಡಿಸಿದ್ದು ಹೀಗೆ. ಬಂಗುಡೆಯನ್ನು ಉಪ್ಪು, ಹುಳಿ, ಖಾರ ಏನೂ ಹಾಕದೆ ಬರೀ ನೀರಲ್ಲಿ ಬೇಯಿಸಿ, ಮುಳ್ಳು ಪೂರ್ತಿ ಬಿಡಿಸಿ, ಅದೇ ನೀರಲ್ಲಿ ಕಿವುಚಿದೆ. ಮಣಿಕಟ್ಟಿಗೆ ಹಚ್ಚಿದರೆ ಉಗುರುಬೆಚ್ಚಗೆ ಅನ್ನಿಸಬೇಕು. ಬೆಕ್ಕು ಊಟ ಒಪ್ಪುವುದು ಮೂಗಿನಿಂದ, ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಮನೆಯವರಿಗೆ ಮಾಡಿದ ಮೀನು ಸಾರು ಕೊಡಬಾರದು, ಅದರ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ. ಬಟ್ಟಲು ಬಿಟ್ಟು ಮೀಸೆ ತಾಗದ ಅಗಲ ತಟ್ಟೆ ತೆಗೆದುಕೊಂಡೆ. ಒಂದು ಚಮಚದಷ್ಟೇ ಹಾಕಿ, ತಟ್ಟೆ ಅಟ್ಟದ ಮೇಲೇ ಇಟ್ಟು, ಇಳಿದು ಬಂದೆ. ಎದುರು ಕೂತು "ತಿನ್ನೇ, ತಿನ್ನೇ" ಅಂದರೆ ಅವಳು ತಿನ್ನುವವಳಲ್ಲ. ತಿನ್ನದಿದ್ದರೆ ಸ್ವಲ್ಪ ಹೊತ್ತಲ್ಲಿ ತಟ್ಟೆ ತೆಗೆದು, ಆಮೇಲೆ ಹೊಸದಾಗಿ ಬೆಚ್ಚಗೆ. ಮುಂಗಾಲಿಗೆ ಒಂದು ಚೂರು ಹಚ್ಚಿದಾಗ ನೆಕ್ಕಿಕೊಂಡಳು. ಅಲ್ಲಿಂದ ದಾರಿ ತೆರೆಯಿತು. ಒತ್ತಿ ಹಿಡಿದು ಸಿರಿಂಜಲ್ಲಿ ತುರುಕಲು ನಾನು ಹೋಗಲಿಲ್ಲ. ಶ್ವಾಸಕ್ಕೆ ಹೋಗುವ ಭಯ ಒಂದು, ಆ ಊಟವೇ ಬೇಡ ಎಂಬ ಹೇಸಿಗೆ ಹುಟ್ಟುವುದು ಇನ್ನೊಂದು. ಆಮೇಲೆ ಮೀನಿಗೆ ಅವಳ ಮಾಮೂಲಿ ಊಟ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಬಂದೆ, ಬರೀ ಮೀನು ಬೆಕ್ಕಿಗೆ ಪೂರ್ತಿ ಆಹಾರ ಅಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಮಿರ್ಟಾಜಪೀನ್ ಕೊಡೋಣ ಎಂದಿದ್ದರು ಡಾಕ್ಟರು. ಮನುಷ್ಯರಲ್ಲಿ ಖಿನ್ನತೆಗೆ ಕೊಡುವ ಔಷಧ ಅದು, ಬೆಕ್ಕಿನಲ್ಲಿ ಹಸಿವು ಎಬ್ಬಿಸುತ್ತದೆ. ಪ್ರಮಾಣ ಬೇರೆ, ಅವರೇ ಬರೆದುಕೊಡಬೇಕು. ನಮಗೆ ಬೇಕಾಗಲಿಲ್ಲ.

ಮುಸ್ಸಂಜೆಯ ಕೂಗಿಗೆ ಔಷಧ ಇಲ್ಲ. ಕೆಂಚ ಇದ್ದಾಗ ಆ ಹೊತ್ತಿಗೆ ಇಬ್ಬರೂ ಬಚ್ಚಲಲ್ಲಿ ಅಟ್ಟಾಡಿಸಿಕೊಂಡು ಆಡುತ್ತಿದ್ದರು. ಆ ಹೊತ್ತನ್ನು ನಾನು ತೆಗೆದುಕೊಂಡೆ. ಹಿಡಿಸೂಡಿಯ ಒಂದು ಕಡ್ಡಿ ತಂದು ಗೋಣಿಯ ಅಡಿಯಲ್ಲಿ ಮೆಲ್ಲಗೆ ಸರಿಸುವುದು. ಮೊದಲು ಸುಮ್ನೆ ನೋಡುತ್ತಿದ್ದಳು. ಆಮೇಲೆ ಒಂದು ಕೈ ಹಾಕಿದಳು. ಗೋಣಿಯನ್ನು ಒಗೆಯಲಿಲ್ಲ, ಅದರಲ್ಲಿ ಕೆಂಚನ ವಾಸನೆ ಇತ್ತು, ಬೆಳ್ಳಿ ಅದರ ಮೇಲೆ ಮಾತ್ರ ಮಲಗುತ್ತಿದ್ದಳು. ಆದರೆ ಬೆಕ್ಕು ಪಾರ್ವೋ ಥರದ ಅಂಟುರೋಗದಲ್ಲಿ ಸತ್ತಿದ್ದರೆ ಹೀಗೆ ಮಾಡಲೇಬಾರದು. ಆ ವೈರಸ್ ಮನೆಯೊಳಗೆ ವರ್ಷದವರೆಗೂ ಉಳಿಯಬಲ್ಲದು. ಹಾಸಿಗೆ ಸುಟ್ಟು, ನೆಲಕ್ಕೆ ಬ್ಲೀಚ್ ಹಾಕಿ, ಉಳಿದ ಬೆಕ್ಕಿನ ಲಸಿಕೆ ಬಾಕಿ ಇದ್ದರೆ ಡಾಕ್ಟರಿಗೆ ತಕ್ಷಣ ಹೇಳಬೇಕು.

ಅಮ್ಮ ಮೊದಲ ವಾರದಿಂದಲೇ ಹೇಳುತ್ತಿದ್ದರು, "ಒಂದು ಮರಿ ತಂದು ಬಿಡು ಮಗಾ, ಮರೀತಾಳೆ." ನಾನು ಒಪ್ಪಲಿಲ್ಲ. ಊಟ ಬಿಟ್ಟ ಬೆಕ್ಕಿನ ಮನೆಯೊಳಗೆ ಪರಿಚಯ ಇಲ್ಲದ ವಾಸನೆ ತಂದರೆ ಅವಳು ಅಟ್ಟದಿಂದ ಇಳಿಯುವುದೇ ಇಲ್ಲ. ತೂಕ ಹಳೇ ಮಟ್ಟಕ್ಕೆ ಬಂದು, ಕಡ್ಡಿಗೆ ತಾನಾಗಿ ಓಡಿ ಬರತೊಡಗಿ, ಬಾಲದ ಬುಡದ ಕೂದಲು ನುಣುಪಾದ ಮೇಲೆ ಮರಿ ಬಂತು. ಬಂದದ್ದೂ ಹಿಂದಿನ ಕೋಣೆಗೆ, ಬಾಗಿಲು ಮುಚ್ಚಿ. ಮರಿ ಮಲಗಿದ ಬಟ್ಟೆ ಬೆಳ್ಳಿಗೆ, ಬೆಳ್ಳಿಯದ್ದು ಮರಿಗೆ. ಬೆಳ್ಳಿ ಬಟ್ಟೆಗೇ ಬುಸ್ ಎಂದಳು. ಬುಸ್ ಎನ್ನುವುದು ನಿಂತ ಮೇಲೆ ಬಾಗಿಲು ತೆರೆದೆವು. ಈಗ ಇಬ್ಬರೂ ಒಟ್ಟಿಗೇ ಓಡಾಡುತ್ತಾರೆ, ಊಟ ಮಾತ್ರ ಬೇರೆ ಬೇರೆ ಕೋಣೆಯಲ್ಲಿ. ಬೆಳ್ಳಿಯ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂಬುದು ನನಗೆ ದಿನಾ ಗೊತ್ತಾಗಬೇಕು.