ತಂಡ, ಊರು, ಕಾಡುಜೀವಿ: ಐಸ್ ಹಾಕಿ ಜೋಡಿ ಚೀಟಿ ಮಾಡುವುದು ಹೇಗೆ?

ಕಳೆದ ಚಳಿಗಾಲದಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿಗೆ ಒಬ್ಬರು ಮಕ್ಕಳಿಗಾಗಿ ಚೀಟಿಗಳ ಕಟ್ಟೊಂದನ್ನು ಮಾಡಿಕೊಂಡು ಬಂದಿದ್ದರು. ನಾವಿರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಇಲ್ಲಿನ ಮಕ್ಕಳಿಗೆ ಐಸ್ ಹಾಕಿ ಅಂದರೆ ಪ್ರಾಣ. ಆಟ ಸುಲಭದ್ದು: ತಂಡದ ಚೀಟಿ, ಊರಿನ ಚೀಟಿ, ಆ ಸೀಮೆಯ ಗಿಡ ಇಲ್ಲವೇ ಪ್ರಾಣಿಯ ಚೀಟಿ, ಮೂರನ್ನೂ ಕೂಡಿಸಬೇಕು. ಚೀಟಿಗಳು ಅಂದವಾಗಿಯೇ ಇದ್ದವು. ಆದರೆ ಬಫಲೊ ತಂಡಕ್ಕೆ ನಮ್ಮೂರ ಎಮ್ಮೆ, ಫ್ಲೋರಿಡಾ ಪ್ಯಾಂಥರ್ಸ್‌ಗೆ ಕಬಿನಿಯ ಕರಿಚಿರತೆ, ಡೆಟ್ರಾಯ್ಟ್ ರೆಡ್ ವಿಂಗ್ಸ್‌ಗೆ ಯಾವುದೋ ಕೆಂಪು ಹಕ್ಕಿ ಜೋಡಿಯಾಗಿತ್ತು. ಮಕ್ಕಳು ಒಂದೇ ಗಂಟೆಯಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಬಿಟ್ಟರು. ಅದನ್ನು ಮರೆಸಲು ನಮಗೆ ಒಂದು ತಿಂಗಳು ಹಿಡಿಯಿತು.

ಆಮೇಲೆ ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ಇಂಥದ್ದೇ ಕಟ್ಟುಗಳನ್ನು ನೋಡಿದೆ. ಎಲ್ಲರೂ ಎಡವುವುದು ಒಂದೇ ಕಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಹನ್ನೆರಡು ತಂಡ ಸಾಕು

ಕೆನಡಾ, ಅಮೆರಿಕಗಳ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಏಳು ಕೆನಡಾದವು, ಉಳಿದವು ಅಮೆರಿಕದವು. ಎಲ್ಲವನ್ನೂ ಸೇರಿಸಲು ಹೋಗಬೇಡಿ. 96 ಚೀಟಿ ಆಗುತ್ತವೆ, ಎಂಟು ವರ್ಷದ ಮಗು ಅರ್ಧದಲ್ಲೇ ಎದ್ದು ಹೋಗುತ್ತದೆ. ಹನ್ನೆರಡು ತಂಡ, 36 ಚೀಟಿ. ಅದಕ್ಕಿಂತ ಜಾಸ್ತಿ ಬೇಡ.

ಊರಿನ ಚೀಟಿ

ತಂಡದ ಹೆಸರಿನಲ್ಲಿ ಊರು ಇದ್ದರೆ ಸರಿ. ಎಷ್ಟೋ ತಂಡಗಳ ಹೆಸರಿನಲ್ಲಿ ಇರುವುದು ರಾಜ್ಯ. ಮಿನ್ನೆಸೋಟ ವೈಲ್ಡ್ ಆಡುವುದು ಸೇಂಟ್ ಪಾಲ್‌ನಲ್ಲಿ, ಕೆರೊಲಿನಾ ಹರಿಕೇನ್ಸ್ ರಾಲೆಯಲ್ಲಿ, ಕೊಲರಾಡೊ ಅವಲಾಂಚ್ ಡೆನ್ವರ್‌ನಲ್ಲಿ. ಫ್ಲೋರಿಡಾ ಪ್ಯಾಂಥರ್ಸ್ ಮಯಾಮಿಯಲ್ಲಿ ಆಡುತ್ತದೆ ಎಂದು ತುಂಬಾ ಜನ ಬರೆಯುತ್ತಾರೆ. ಅದರ ಊರು ಸನ್‌ರೈಸ್. ಎವರ್‌ಗ್ಲೇಡ್ಸ್ ಜೌಗು ಕಾಡು ಅಲ್ಲಿಂದ ಪಶ್ಚಿಮಕ್ಕೆ ಹತ್ತಿರದಲ್ಲೇ ಇದೆ. ಮುಂದೆ ಪ್ರಾಣಿ ಹುಡುಕುವಾಗ ಇದು ಕೆಲಸಕ್ಕೆ ಬರುತ್ತದೆ.

ಗಿಡ, ಪ್ರಾಣಿ: ಇಲ್ಲಿ ನಿಧಾನ ಮಾಡಿ

ಇಡೀ ಆಟ ನಿಲ್ಲುವುದು ಈ ಚೀಟಿಯ ಮೇಲೆ. ನನ್ನ ನಿಯಮ ಒಂದೇ: ಆ ಜೀವಿ ಆ ಸೀಮೆಯಲ್ಲಿ ತಾನಾಗಿ ಬೆಳೆಯುತ್ತದೆಯೇ, ಓಡಾಡುತ್ತದೆಯೇ ಎಂದು ನೋಡಿ. ಹೌದಾದರೆ ಚೀಟಿಯ ಮೂಲೆಯಲ್ಲಿ ಹಸಿರು ಚುಕ್ಕಿ. ಹೆಸರಿಗೆ ಅಥವಾ ಲಾಂಛನಕ್ಕೆ ಮಾತ್ರ ಇದ್ದರೆ ಕೆಂಪು ಚುಕ್ಕಿ. ಒಂದು ಕಾಲದಲ್ಲಿ ಇದ್ದು ಅಳಿದುಹೋಗಿದ್ದರೆ ಕಪ್ಪು ಚುಕ್ಕಿ. ಈ ಚುಕ್ಕಿ ಇಲ್ಲದ ಕಟ್ಟನ್ನು ನಾನು ಮಕ್ಕಳ ಕೈಗೆ ಕೊಡುವುದಿಲ್ಲ.

ಟೊರಾಂಟೊದಿಂದಲೇ ಶುರು ಮಾಡೋಣ. ಮೇಪಲ್ ಲೀಫ್ಸ್ ಎಂಬ ಹೆಸರು ಬಂದದ್ದು 1927ರಲ್ಲಿ. ಚೀಟಿಗೆ ಒಂದು ಮೇಪಲ್ ಎಲೆ ಅಂಟಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಟೊರಾಂಟೊ ಬೀದಿಬದಿಯಲ್ಲಿ ಸಿಗುವ ಎಷ್ಟೋ ಮರಗಳು ನಾರ್ವೆ ಮೇಪಲ್. ಅದು ಯುರೋಪಿನಿಂದ ತಂದು ನೆಟ್ಟದ್ದು. ಈಗ ಕಾಡಿಗೂ ನುಗ್ಗಿ ಇಲ್ಲಿನ ಗಿಡಗಳಿಗೆ ಜಾಗ ಇಲ್ಲದಂತೆ ಮಾಡುತ್ತಿದೆ. ನಮಗೆ ಬೇಕಾದದ್ದು ಸಕ್ಕರೆ ಮೇಪಲ್. ಗುರುತು ಹಿಡಿಯುವುದು ಹೀಗೆ: ಎಲೆಯ ತೊಟ್ಟನ್ನು ಮುರಿಯಿರಿ. ಹಾಲಿನಂಥ ಬಿಳಿ ರಸ ಬಂದರೆ ನಾರ್ವೆ. ನೀರಿನಂತೆ ತಿಳಿಯಾಗಿದ್ದರೆ ಅದು ನಾರ್ವೆ ಅಲ್ಲ, ಆಮೇಲೆ ಎಲೆಯ ಅಂಚು ನೋಡಿ. ಸಕ್ಕರೆ ಮೇಪಲ್ಲಿನ ಅಂಚು ನುಣುಪಾಗಿರುತ್ತದೆ, ಕೆಂಪು ಮೇಪಲ್ಲಿನದು ಗರಗಸದ ಹಲ್ಲಿನ ಹಾಗೆ. ಅನುಭವಸ್ಥರಿಗೂ ಇಲ್ಲಿ ಗೊಂದಲ ಆಗುತ್ತದೆ. ಕೆನಡಾದ ಹೊಸ ಪ್ಲಾಸ್ಟಿಕ್ ನೋಟಿನಲ್ಲಿರುವ ಎಲೆ ನಾರ್ವೆ ಮೇಪಲ್ಲಿನಂತಿದೆ ಎಂದು ಸಸ್ಯ ಬಲ್ಲವರು ತಕರಾರು ಎತ್ತಿದ್ದರು. ಈ ಚೀಟಿಗಾಗಿ ಬೇರೆ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ: ಸುಮಾರು 40 ಲೀಟರ್ ಮೇಪಲ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ನಮ್ಮ ಮಂಡ್ಯದ ಆಲೆಮನೆ ನೋಡಿದ ಅಜ್ಜ ಅಜ್ಜಿ ಮನೆಗೆ ಬಂದಿದ್ದರೆ ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಫ್ಲೋರಿಡಾ ಪ್ಯಾಂಥರ್ ಕರಿಚಿರತೆ ಅಲ್ಲ. ಅದು ಚಿರತೆಯೇ ಅಲ್ಲ! ಪ್ಯೂಮಾ ಜಾತಿಯ ಬೆಕ್ಕು. ಮೈಮೇಲೆ ಚುಕ್ಕಿ ಇಲ್ಲ, ಜಿಂಕೆಯಂಥ ಕಂದು ಬಣ್ಣ. ಕಬಿನಿಯ ಕರಿಚಿರತೆ ನಮ್ಮ ಮಾಮೂಲಿ ಚಿರತೆಯೇ, ಬಣ್ಣ ಮಾತ್ರ ಕಪ್ಪು. ಎರಡೂ ಬೇರೆ ಬೇರೆ ಪ್ರಾಣಿ. ಫೋನಿನಲ್ಲಿ ಪ್ಯಾಂಥರ್ ಎಂದು ಹುಡುಕಿದರೆ ಕಪ್ಪು ಚಿತ್ರಗಳೇ ಮೇಲೆ ಬರುತ್ತವೆ, ಅದಕ್ಕೇ ಎಲ್ಲರೂ ತಪ್ಪುತ್ತಾರೆ. 1982ರಲ್ಲಿ ಶಾಲಾ ಮಕ್ಕಳ ಮತದಿಂದ ಇದು ಫ್ಲೋರಿಡಾದ ರಾಜ್ಯ ಪ್ರಾಣಿಯಾಯಿತು. 1990ರ ದಶಕದ ಹೊತ್ತಿಗೆ ಉಳಿದಿದ್ದವು ಇಪ್ಪತ್ತು ಮೂವತ್ತು ಮಾತ್ರ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಈಗಿನ ಸರ್ಕಾರಿ ಅಂದಾಜು 120ರಿಂದ 230. ಹಸಿರು ಚುಕ್ಕಿ ಹಾಕುವಾಗ ನನಗೆ ತುಂಬಾ ಖುಷಿ ಕೊಡುವ ಚೀಟಿ ಇದು.

ಬಫಲೊ ಸೇಬರ್ಸ್ ಇನ್ನೊಂದು ಥರ. ಇಲ್ಲಿ ಪ್ರಾಣಿ ಇರುವುದು ಊರಿನ ಹೆಸರಿನಲ್ಲಿ, ತಂಡದ ಹೆಸರಿನಲ್ಲಿ ಕತ್ತಿ. ಲಾಂಛನದಲ್ಲಿರುವುದು ಅಮೆರಿಕದ ಬೈಸನ್. ಅದು ಎಮ್ಮೆಯೂ ಅಲ್ಲ, ನಮ್ಮ ಕಾಟಿಯೂ ಅಲ್ಲ. ನಾಗರಹೊಳೆಯಲ್ಲಿ ಕಾಟಿಯನ್ನು ಬೈಸನ್ ಎಂದೇ ಕರೆದು ರೂಢಿಯಾಗಿರುವುದರಿಂದ ನಮ್ಮವರಿಗೆ ಗೊಂದಲ ಇನ್ನೂ ಜಾಸ್ತಿ. ಕಾಟಿಯ ಮೈ ನುಣುಪು, ಕಾಲು ಬಿಳಿ ಕಾಲುಚೀಲ ಹಾಕಿದಂತೆ. ಬೈಸನ್ನಿಗೆ ತಲೆ, ಹೆಗಲು, ಎದೆ ತುಂಬ ದಟ್ಟ ಕೂದಲು, ಗಡ್ಡ ಬೇರೆ. ಬಫಲೊ ಊರಿನ ಸುತ್ತ ಕಾಡು ಬೈಸನ್ ಇಲ್ಲ. ಕೆಂಪು ಚುಕ್ಕಿ.

ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ಗೂ ಕೆಂಪೇ. 1967ರಲ್ಲಿ ತಂಡ ಶುರುವಾದಾಗ ಅವರ ಗುಮ್ಮಟದ ಅಂಕಣವನ್ನು ಜನ ಇಗ್ಲೂ (ಹಿಮದ ಗುಮ್ಮಟ ಮನೆ) ಎಂದು ಕರೆಯುತ್ತಿದ್ದರು, ಹೆಸರು ಅದರಿಂದ ಹುಟ್ಟಿತು. ಆದರೆ ಇಗ್ಲೂ ಉತ್ತರದ್ದು, ಪೆಂಗ್ವಿನ್ ದಕ್ಷಿಣದ್ದು. ಪಿಟ್ಸ್‌ಬರ್ಗ್‌ನ ಪಕ್ಷಿಧಾಮದಲ್ಲಿ ಆಫ್ರಿಕಾದ ಪೆಂಗ್ವಿನ್‌ಗಳನ್ನು ಸಾಕಿದ್ದಾರೆ. ಚೀಟಿಗೆ ಅದರ ಚಿತ್ರವನ್ನೇ ಹಾಕಿ. ಹಿಮದ ಮೇಲೆ ನಿಂತ ಎಂಪರರ್ ಪೆಂಗ್ವಿನ್ ಬೇಡ, ಪಕ್ಕದಲ್ಲಿ ಹಿಮಕರಡಿ ಅಂತೂ ಖಂಡಿತ ಬೇಡ.

ಬಾಸ್ಟನ್ ಬ್ರೂಯಿನ್ಸ್‌ಗೆ ಅಮೆರಿಕದ ಕಪ್ಪು ಕರಡಿ. ಬ್ರೂಯಿನ್ ಎಂದರೆ ಕರಡಿ. ಆ ಹೆಸರಿನ ಮೂಲದಲ್ಲಿ ಕಂದು ಬಣ್ಣ ಇದ್ದರೂ ಮ್ಯಾಸಚೂಸೆಟ್ಸ್‌ನ ಕಾಡಿನಲ್ಲಿರುವುದು ಕಪ್ಪು ಕರಡಿ. ದರೋಜಿಯ ನಮ್ಮ ಕರಡಿಯ ಚಿತ್ರ ಅಂಟಿಸಬೇಡಿ, ಅದರ ಜೊಂಪೆ ಕೂದಲು, ಎದೆಯ ಬಿಳಿ ಗುರುತು ನೋಡಿದರೆ ಗೊತ್ತಾಗುತ್ತದೆ. ಸ್ಯಾನ್ ಹೋಸೆ ಶಾರ್ಕ್ಸ್‌ಗೆ ಎಲ್ಲರೂ ದೊಡ್ಡ ಬಿಳಿ ಶಾರ್ಕ್ ಹಾಕುತ್ತಾರೆ. ಆ ಊರು ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯಲ್ಲಿ, ಕೊಲ್ಲಿಯೊಳಗೆ ವಾಸ ಇರುವುದು ಮೈತುಂಬ ಪಟ್ಟೆ ಚುಕ್ಕಿಯ ಲೆಪರ್ಡ್ ಶಾರ್ಕ್. ನನ್ನ ಆಯ್ಕೆ ಅದೇ. ಸಿಯಾಟಲ್ ಕ್ರಾಕನ್ ಕಥೆಯ ಕಡಲ ಭೂತ, ಆದರೆ ಅಲ್ಲಿನ ಸಮುದ್ರದಲ್ಲಿ ನಿಜವಾಗಿಯೂ ದೈತ್ಯ ಪೆಸಿಫಿಕ್ ಆಕ್ಟೋಪಸ್ ಇದೆ. ವ್ಯಾಂಕೂವರ್‌ಗೆ ಲಾಂಛನದಲ್ಲೇ ಇರುವ ಓರ್ಕಾ ಎಂಬ ಕಪ್ಪು ಬಿಳುಪು ತಿಮಿಂಗಿಲ. ನ್ಯಾಶ್‌ವಿಲ್ ಪ್ರಿಡೇಟರ್ಸ್‌ಗೆ ಕಪ್ಪು ಚುಕ್ಕಿ: 1971ರಲ್ಲಿ ಊರ ನಡುವೆ ಕಟ್ಟಡಕ್ಕೆ ಅಗೆಯುವಾಗ ಕತ್ತಿಹಲ್ಲಿನ ಬೆಕ್ಕಿನ ಮೂಳೆ ಸಿಕ್ಕಿತ್ತು.

ಹೆಸರಿನಲ್ಲಿ ಜೀವಿಯೇ ಇಲ್ಲದಿದ್ದರೆ? ಆಗ ನೆಲವನ್ನು ಕೇಳಬೇಕು, ಗಿಡಗಳು ಬರುವುದು ಇಲ್ಲಿಯೇ. ಕ್ಯಾಲ್ಗರಿ ಫ್ಲೇಮ್ಸ್ ಎಂದರೆ ಬೆಂಕಿ. ಆ ಆಲ್ಬರ್ಟಾ ಪ್ರಾಂತ್ಯದ ಮರ ಲಾಡ್ಜ್‌ಪೋಲ್ ಪೈನ್. ಅದರ ಕಾಯಿಗಳು ಅಂಟಿನಿಂದ ಬಿಗಿದುಕೊಂಡಿರುತ್ತವೆ. ಕಾಡ್ಗಿಚ್ಚಿನ ಬಿಸಿಗೆ ಅಂಟು ಕರಗಿ, ಕಾಯಿ ಬಾಯಿಬಿಟ್ಟು, ಬೀಜ ಉದುರುತ್ತದೆ. ಇದಕ್ಕಿಂತ ಒಳ್ಳೆಯ ಜೋಡಿ ಇಡೀ ಕಟ್ಟಿನಲ್ಲಿ ಇಲ್ಲ. ಕೆರೊಲಿನಾಗೆ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್. ಜಗತ್ತಿನಲ್ಲಿ ಅದರ ತವರು ಉತ್ತರ, ದಕ್ಷಿಣ ಕೆರೊಲಿನಾಗಳ ಕರಾವಳಿ ಬಯಲು ಮಾತ್ರ. ಮಾಂಟ್ರಿಯಲ್‌ಗೆ ಲಿಲ್ಲಿ ಹಾಕಬೇಡಿ. ಹಿಂದೆ ಕ್ವಿಬೆಕ್‌ನ ಗುರುತಿನ ಹೂವು ಬಿಳಿ ಲಿಲ್ಲಿಯೇ ಆಗಿತ್ತು. ಅದು ಆ ನೆಲದ್ದಲ್ಲ ಎಂಬ ಕಾರಣಕ್ಕೆ 1999ರಲ್ಲಿ ಜೌಗಿನಲ್ಲಿ ಅರಳುವ ನೀಲಿ ಐರಿಸ್ ಆ ಜಾಗಕ್ಕೆ ಬಂತು.

ಎರಡು ತಂಡಗಳನ್ನು ನಾನು ಬೇಕೆಂದೇ ಬಿಡುತ್ತೇನೆ. ಡೆಟ್ರಾಯ್ಟ್‌ನ ಲಾಂಛನ ರೆಕ್ಕೆ ಇರುವ ಚಕ್ರ, ಅಲ್ಲಿ ಹಕ್ಕಿ ಇಲ್ಲ. ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಕೂಡ ಗಿಡುಗ ಅಲ್ಲ, ಆ ಹೆಸರಿನ ಹಿಂದೆ ಇರುವುದು ಅಮೆರಿಕದ ಮೂಲನಿವಾಸಿಗಳಾದ ಸಾಕ್ ಬುಡಕಟ್ಟಿನ ನಾಯಕ ಬ್ಲ್ಯಾಕ್ ಹಾಕ್. ಒಬ್ಬ ಮನುಷ್ಯನ ಹೆಸರನ್ನು ಪ್ರಾಣಿಗಳ ಸಾಲಿನಲ್ಲಿ ಇಡುವುದು ತಪ್ಪು.

ಒಂದು ಅಡ್ಡದಾರಿಯ ಮಾತು. ಎಐಗೆ ಹೇಳಿ ಚಿತ್ರ ಮಾಡಿಸುವವರು ಈಗ ಜಾಸ್ತಿ. ನಾನು ನೋಡಿದ ಒಂದು ಕಟ್ಟಿನಲ್ಲಿ ಆಕ್ಟೋಪಸ್‌ಗೆ ಏಳು ಕೈ ಇದ್ದವು. ಮಕ್ಕಳೇ ನೋಡಿ ಬಿಡಿಸಲಿ, ಸೊಟ್ಟಗಿದ್ದರೂ ಪರವಾಗಿಲ್ಲ.

ಕತ್ತರಿಸುವುದು

ದಪ್ಪ ಡ್ರಾಯಿಂಗ್ ಹಾಳೆ, 6 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಹಳೆಯ ಮದುವೆ ಕರೆಯೋಲೆ ಬೇಡ. ಹಿಂಬದಿಯ ಬಣ್ಣ ನೋಡಿಯೇ ಮಕ್ಕಳು ಚೀಟಿ ಗುರುತು ಹಿಡಿಯುತ್ತಾರೆ. ಮಿರಮಿರ ಹೊಳೆಯುವ ಲ್ಯಾಮಿನೇಷನ್ನೂ ಬೇಡ. ದೀಪದ ಬೆಳಕಿಗೆ ಚಿತ್ರ ಕಾಣುವುದಿಲ್ಲ, ಕಲಸುವಾಗ ಜಾರುತ್ತದೆ, ಅಂಚು ಬೆರಳಿಗೆ ತಾಗುತ್ತದೆ. ಹೊಳಪಿಲ್ಲದ್ದು ಸಿಕ್ಕರೆ ಮಾತ್ರ ಹಾಕಿಸಿ.

ಮೇಪಲ್, ಫ್ಲೈಟ್ರ್ಯಾಪ್ ಚೀಟಿಗಳ ಹಿಂದೆ ಒಂದೊಂದು ಸಾಲು ಬರೆಯಬೇಕು ಎನಿಸಿದರೆ ಅದಕ್ಕೆ ಬೇರೆ ಪುಸ್ತಕ ಇಡಿ. ಶುರುವಿನಲ್ಲಿ ನಾನೂ ಚೀಟಿಯ ಹಿಂದೆಯೇ ಬರೆಯುತ್ತಿದ್ದೆ. ನೆನಪಿನ ಆಟ ಆಡುವಾಗ ಅದು ಉತ್ತರ ಹೇಳಿಕೊಟ್ಟುಬಿಡುತ್ತದೆ.

ಆಟ

ಚೀಟಿಗಳನ್ನು ಕವುಚಿ ಹಾಕಿ. ಒಬ್ಬೊಬ್ಬರು ಮೂರು ತೆಗೆಯಬೇಕು. ಮೂರೂ ಕೂಡಿದರೆ ಒಂದು ಅಂಕ. ಚುಕ್ಕಿ ಯಾಕೆ ಆ ಬಣ್ಣದ್ದು ಎಂದು ಕನ್ನಡದಲ್ಲೇ ಹೇಳಿದರೆ ಇನ್ನೆರಡು.

ನಾಲ್ಕಾರು ಖಾಲಿ ಚೀಟಿ ಎತ್ತಿಡಿ. ಇಲ್ಲಿ ತಂಡಗಳು ಊರು ಬಿಟ್ಟು ಹೋಗುವುದುಂಟು. 2024ರಲ್ಲಿ ಅರಿಜೋನಾ ಕಾಯೋಟೀಸ್ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಹೋದರು, ಮರುವರ್ಷ ಆ ತಂಡಕ್ಕೆ ಮ್ಯಾಮತ್ (ಅಳಿದುಹೋದ, ಆನೆಯಂಥ ಪ್ರಾಣಿ) ಎಂದು ಹೆಸರಾಯಿತು. ಯೂಟಾದ ಮಣ್ಣಿನಲ್ಲಿ ಮ್ಯಾಮತ್ ಮೂಳೆ ಸಿಕ್ಕಿದೆ, ಹಾಗಾಗಿ ಕಪ್ಪು ಚುಕ್ಕಿ. ಹಳೆಯ ಕಾಯೋಟಿ (ಸಣ್ಣ ತೋಳದಂಥ ಪ್ರಾಣಿ) ಚೀಟಿಯನ್ನು ನಮ್ಮ ಮಕ್ಕಳು ಎಸೆಯಲು ಬಿಡಲಿಲ್ಲ. ಟೊರಾಂಟೊದ ಹಳ್ಳಕೊಳ್ಳಗಳಲ್ಲೂ ಕಾಯೋಟಿಗಳಿವೆ ಅಲ್ವಾ? ಅದನ್ನು ಈಗ ಮೇಪಲ್ ಎಲೆಯ ಜೊತೆ ಇಟ್ಟಿದ್ದಾರೆ, ಹಸಿರು ಚುಕ್ಕಿ ಹಾಕಿ.