ಹಳೆಯ ಎಸ್‌ವಿಟಿ ಲೈಟ್ನಿಂಗ್ ಪಿಕಪ್: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಏನು ಮಾಡಬೇಕು

1999ರಿಂದ 2004ರ ಮಾದರಿಯವರೆಗೆ ಫೋರ್ಡ್ ತಯಾರಿಸಿದ ಎಸ್‌ವಿಟಿ (ಫೋರ್ಡ್‌ನ ಹೆಚ್ಚು ಶಕ್ತಿಯ ಗಾಡಿಗಳ ವಿಭಾಗ) ಎಫ್-150 ಲೈಟ್ನಿಂಗ್‌ಗಳು ಒಟ್ಟು 28,124. ಅವುಗಳಲ್ಲಿ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದವು ಕಡಿಮೆ. ಹೆಚ್ಚಿನವಕ್ಕೆ ಯಾರೋ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ತಿರುಗಿಸುವ ಪುಲ್ಲಿ ಬದಲಿಸಿದ್ದಾರೆ, ಯಾರೋ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವ ಚಿಪ್ ಹಾಕಿದ್ದಾರೆ, ಆಮೇಲೆ ಮತ್ಯಾರೋ ಅದರಲ್ಲಿ ಅರ್ಧ ಕಿತ್ತು ಮಾರಿದ್ದಾರೆ. ಹಾಗಾಗಿ ಎಷ್ಟು ಮೈಲಿ ಓಡಿದೆ ಎಂದು ಕೇಳುವ ಮೊದಲು ಪುಲ್ಲಿ, ಇಂಧನ ಪೂರೈಕೆ, ಟ್ಯೂನ್ (ಎಂಜಿನ್ ಕಂಪ್ಯೂಟರಿನ ಹೊಂದಾಣಿಕೆ) ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಿ. 1,20,000 ಮೈಲಿ ಓಡಿದ, ಕೈ ಹಾಕದ ಗಾಡಿ ಬಹಳ ಸಲ 40,000 ಮೈಲಿಯ ಕೆದಕಿದ ಗಾಡಿಗಿಂತ ಒಳ್ಳೆಯದು.

ಮೊದಲು ಗಾಡಿ ಅಸಲಿಯೇ ಎಂದು ಖಚಿತಪಡಿಸಿಕೊಳ್ಳಿ. ವಿಐಎನ್ (ಗಾಡಿಯ ಗುರುತಿನ) ಸಂಖ್ಯೆಯ 8ನೇ ಅಕ್ಷರ 3 ಇರಬೇಕು. ಅದು ಸೂಪರ್‌ಚಾರ್ಜರ್ ಇರುವ 5.4 ಲೀಟರ್ ವಿ8 ಎಂಜಿನ್ನಿನ ಗುರುತು. 10ನೆಯದು ಮಾದರಿ ವರ್ಷ: ಎಕ್ಸ್ ಅಂದರೆ 1999, ವೈ ಅಂದರೆ 2000, ಮುಂದೆ 1ರಿಂದ 4. ಲೈಟ್ನಿಂಗ್‌ನಲ್ಲಿ ಎರಡೇ ಬಾಗಿಲಿನ ಚಿಕ್ಕ ಕ್ಯಾಬಿನ್, ಹಿಂದಿನ ಚಕ್ರದ ಚಾಲನೆ, ನಾಲ್ಕು ಗೇರಿನ ಆಟೋಮ್ಯಾಟಿಕ್ ಮಾತ್ರ. ನಾಲ್ಕು ಬಾಗಿಲಿನ ಗಾಡಿಯಲ್ಲಿ ಸೂಪರ್‌ಚಾರ್ಜರ್ ಕಂಡರೆ ಅದು 2002-03ರ ಹಾರ್ಲೆ-ಡೇವಿಡ್ಸನ್ ಆವೃತ್ತಿಯಾಗಿರಬಹುದು. ಅದರ ಎಂಜಿನ್ 340 ಅಶ್ವಶಕ್ತಿಯದು, ಬೆಲೆ ಕಟ್ಟುವ ಲೆಕ್ಕವೂ ಬೇರೆ.

1999 ಮತ್ತು 2000ರ ಗಾಡಿಗಳಲ್ಲಿ 360 ಅಶ್ವಶಕ್ತಿ, 3.55 ಅನುಪಾತದ ಹಿಂದಿನ ಆ್ಯಕ್ಸಲ್. 2001ರಿಂದ 380 ಅಶ್ವಶಕ್ತಿ, 3.73 ಅನುಪಾತ, ಬಿಲ್‌ಸ್ಟೈನ್ ಶಾಕ್‌ಗಳು. ಬಜೆಟ್ ಅನುಮತಿಸಿದರೆ 2001ರ ನಂತರದ್ದನ್ನೇ ಹುಡುಕಿ. ಆದರೆ ಚೆನ್ನಾಗಿ ನೋಡಿಕೊಂಡ 1999ರ ಗಾಡಿ ಸಿಕ್ಕಿದರೆ 20 ಅಶ್ವಶಕ್ತಿಗಾಗಿ ಅದನ್ನು ಬಿಡಬೇಡಿ.

ತಣ್ಣಗಿನ ಎಂಜಿನ್ ಮುಂದೆ ನಿಂತು

ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಮಾತ್ರ ಕೇಳುವ ಸದ್ದುಗಳು ಎರಡು. ಶುರು ಮಾಡಿದಾಗ ಟಿಕ್-ಟಿಕ್ ಎಂದು ಹೊಡೆದು ಬಿಸಿಯಾದಂತೆ ಕಡಿಮೆಯಾದರೆ ಮ್ಯಾನಿಫೋಲ್ಡ್‌ನ ಸ್ಟಡ್‌ಗಳು ತುಕ್ಕು ಹಿಡಿದು ಮುರಿದು, ಗ್ಯಾಸ್ಕೆಟ್‌ನಿಂದ ಹೊಗೆ ಸೋರುತ್ತಿದೆ. ಸ್ಟಡ್ ಅಗ್ಗ, ಆದರೆ ಹೆಡ್‌ನೊಳಗೆ ಮುರಿದ ತುಂಡನ್ನು ಹೊರತೆಗೆಯುವ ಕೆಲಸ ದುಬಾರಿ. ಮುಂಭಾಗದಿಂದ ಸರಪಳಿ ಅಲುಗಿದಂತೆ ಸದ್ದು ಬಂದು ಕೆಲವು ಸೆಕೆಂಡುಗಳಲ್ಲಿ ನಿಲ್ಲದಿದ್ದರೆ ಟೈಮಿಂಗ್ ಚೈನ್ ಟೆನ್ಷನರ್ ಮೇಲೆ ಅನುಮಾನ ಪಡಿ.

ಸೂಪರ್‌ಚಾರ್ಜರ್ ಈಟನ್ ಎಂ112. ಒಂದು ಸುತ್ತಿಗೆ 112 ಘನ ಇಂಚು ಗಾಳಿ ತಳ್ಳುತ್ತದೆ. ಐಡಲ್‌ನಲ್ಲಿ ಗಡಗಡ ಸದ್ದು ಬಂದು, ರೇಸ್ ಕೊಟ್ಟ ಕೂಡಲೇ ಮಾಯವಾದರೆ ಮೂತಿಯೊಳಗಿನ (ಪುಲ್ಲಿ ಕೂತಿರುವ ಮುಂಭಾಗದ) ಕಪ್ಲರ್ ಸವೆದಿದೆ, ಸಣ್ಣ ಕೆಲಸ. ವೇಗದ ಜೊತೆ ಏರುವ ಗುರುಗುಟ್ಟುವಿಕೆ ಬೇರಿಂಗಿನದು, ಆಗ ಇಡೀ ಯೂನಿಟ್ ಇಳಿಸಬೇಕು. ಅನುಮಾನವಿದ್ದರೆ ಎಂಜಿನ್ ನಿಲ್ಲಿಸಿ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಎಲ್ಲೂ ತಡೆಯದೆ, ಅಲುಗದೆ ತಿರುಗಬೇಕು.

ಸ್ಪಾರ್ಕ್ ಪ್ಲಗ್ ಹಾರುವ ಕಾಯಿಲೆ

ಈ ಎಂಜಿನ್ನಿನ ಅತಿ ಕುಖ್ಯಾತ ದೋಷ ಇದು. ಟ್ರೈಟನ್ ಎಂಬ ಈ ಫೋರ್ಡ್ ಎಂಜಿನ್ ಬಳಗದ, ಸಿಲಿಂಡರ್‌ಗೆ ಎರಡು ವಾಲ್ವ್‌ನ ಹೆಡ್‌ಗಳು ಅಲ್ಯೂಮಿನಿಯಮ್ಮಿನವು, ಮೊದಲ ವರ್ಷಗಳ ಹೆಡ್‌ನಲ್ಲಿ ಪ್ಲಗ್ ಹಿಡಿಯುವ ಥ್ರೆಡ್ ನಾಲ್ಕರಷ್ಟೇ ಸುತ್ತು. ಪ್ಲಗ್ ಸ್ವಲ್ಪ ಸಡಿಲವಾದರೆ ಪ್ರತಿ ಸ್ಫೋಟಕ್ಕೂ ಅಲುಗಿ ಥ್ರೆಡ್ ತಿಂದುಹಾಕುತ್ತದೆ. ಕೊನೆಗೆ ಮೇಲಿರುವ ಇಗ್ನಿಷನ್ ಕಾಯಿಲ್ ಸಮೇತ ಪ್ಲಗ್ ಹಾರಿಹೋಗುತ್ತದೆ. ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಇರುವ ಎಂಜಿನ್ನಿನಲ್ಲಿ ಸಿಲಿಂಡರ್ ಒತ್ತಡ ಹೆಚ್ಚು, ಅಪಾಯವೂ ಹೆಚ್ಚು. ಹಿಂದೆ ಇದು ಆಗಿತ್ತೇ, ಆಗಿದ್ದರೆ ಯಾವ ಸಿಲಿಂಡರ್, ಯಾವ ರಿಪೇರಿ ಎಂದು ಕೇಳಿ. ಟೈಮ್-ಸರ್ಟ್ ಥರದ ಗಟ್ಟಿ ಉಕ್ಕಿನ ತೋಳು ಹಾಕಿದ್ದರೆ ಹೆದರಬೇಕಿಲ್ಲ, ಅದು ಮೂಲ ಥ್ರೆಡ್‌ಗಿಂತ ಗಟ್ಟಿ. ತಂತಿ ಸುರುಳಿಯ ರಿಪೇರಿ ಇಲ್ಲಿ ನಂಬುವಂತಹದ್ದಲ್ಲ.

ನೀವೇ ಪ್ಲಗ್ ಬದಲಿಸುವುದಾದರೆ ಎಂಜಿನ್ ಪೂರ್ತಿ ತಣ್ಣಗಿರಲಿ. 7 ಮಿ.ಮೀ. ಬೋಲ್ಟ್ ತೆಗೆದು ಕಾಯಿಲ್ ಎತ್ತಿ, ಪ್ಲಗ್ ಸಡಿಲಿಸುವ ಮೊದಲು ಗುಂಡಿಯೊಳಗೆ ಗಾಳಿ ಹೊಡೆದು ಕಸ ತೆಗೆಯಿರಿ. ಇಲ್ಲದಿದ್ದರೆ ಅದು ನೇರ ಸಿಲಿಂಡರ್‌ಗೆ ಬೀಳುತ್ತದೆ. ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಕೊಳವೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಕೊಳವೆ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೊನೆಗೆ ಟಾರ್ಕ್ ರೆಂಚ್. ಫೋರ್ಡ್ ಕೊಟ್ಟ ಮಿತಿ 9ರಿಂದ 20 ನ್ಯೂಟನ್-ಮೀಟರ್, ಅದರ ಮೇಲ್ತುದಿಗೇ ಬಿಗಿ ಮಾಡಿ. ಅಂದಾಜಿನ ಕೈಬಿಗಿ ಬೇಡವೇ ಬೇಡ. ಪ್ಲಗ್ ಗ್ಯಾಪ್ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿದೆ. ಕಾಯಿಲ್ ಬೂಟ್‌ನೊಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಪ್ಯಾಸೆಂಜರ್ ಬದಿಯ ಹಿಂದಿನ ಪ್ಲಗ್ಗಿನ ಗುಂಡಿಯಲ್ಲಿ, ಅಂದರೆ 4ನೇ ಸಿಲಿಂಡರ್‌ನಲ್ಲಿ, ನೀರಿದ್ದರೆ ಹೀಟರ್ ಹೋಸ್ ನೋಡಿ. ಅಲ್ಲಿ ಒಂದೇ ಸಮನೆ ಮಿಸ್ಸಿಂಗ್ ಹೊಡೆಯಲು ಕಾರಣ ಬಹಳ ಸಲ ಅದೇ.

ಇಂಟರ್‌ಕೂಲರ್

ಸೂಪರ್‌ಚಾರ್ಜರ್‌ನಿಂದ ಬಂದ ಬಿಸಿ ಗಾಳಿಯನ್ನು ನೀರಿನಿಂದ ತಂಪು ಮಾಡುವ ವ್ಯವಸ್ಥೆ ಇದರದು. ಅದಕ್ಕೆ ಎಂಜಿನ್ನಿನದ್ದಲ್ಲದ ಬೇರೆಯದೇ ಕೂಲೆಂಟ್ ಟ್ಯಾಂಕ್, ಮುಂದೆ ಚಿಕ್ಕ ರೇಡಿಯೇಟರ್, ಒಂದು ವಿದ್ಯುತ್ ಪಂಪ್. ಪಂಪ್ ಸತ್ತರೂ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಉರಿಯುವುದಿಲ್ಲ. ಬೇಸಿಗೆಯಲ್ಲಿ ಗಾಡಿ ಮಂಕಾಗುತ್ತದೆ, ನಾಕಿಂಗ್ (ಇಂಧನ ತಾನಾಗಿ ಸ್ಫೋಟಿಸಿ ಬಡಿಯುವುದು) ಶುರುವಾಗುತ್ತದೆ ಅಷ್ಟೇ. ಎಂಜಿನ್ ತಣ್ಣಗಿರುವಾಗ ಶುರು ಮಾಡಿ, ಪಂಪಿನ ಮೇಲೆ ಕೈಯಿಟ್ಟು ಕಂಪನ ನೋಡಿ, ಟ್ಯಾಂಕಿನ ಮುಚ್ಚಳ ತೆಗೆದು ನೀರು ಚಲಿಸುತ್ತಿದೆಯೇ ನೋಡಿ.

ಇದಕ್ಕಿಂತ ಕೆಟ್ಟದ್ದು ಇಂಟರ್‌ಕೂಲರ್ ಒಳಗೇ ಸೋರುವುದು. ಅದು ಸೂಪರ್‌ಚಾರ್ಜರ್ ಕೆಳಗೆ ಇನ್‌ಟೇಕ್‌ನೊಳಗೆ ಕೂತಿದೆ. ಅಲ್ಲಿ ಸೋರಿದ ನೀರು ಸಿಲಿಂಡರ್‌ಗೇ ಇಳಿಯುತ್ತದೆ. ನೀರು ಸಂಕುಚಿಸುವುದಿಲ್ಲ, ಹಾಗಾಗಿ ಒಂದು ಮುಂಜಾನೆ ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೆಲದ ಮೇಲೆ ಹನಿಯೂ ಇಲ್ಲದೆ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಆ ಸರ್ಕ್ಯೂಟ್ ಒಂದನ್ನೇ ಪ್ರೆಷರ್ ಟೆಸ್ಟ್ ಮಾಡಿಸಿ.

ಓಡಿಸಿ ನೋಡುವಾಗ

ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಓಬಿಡಿ-2 ಸ್ಕ್ಯಾನರ್ ಜೊತೆಗಿರಲಿ. ಕೋಡ್ ಇಲ್ಲ ಅಂದಷ್ಟಕ್ಕೆ ಸಮಾಧಾನ ಬೇಡ. ರೆಡಿನೆಸ್ ಮಾನಿಟರ್‌ಗಳು (ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ತಪಾಸಣೆಗಳು) ಪೂರ್ಣವಾಗಿಲ್ಲದಿದ್ದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಪಿ0171 ಮತ್ತು ಪಿ0174 ಒಟ್ಟಿಗೆ ಬಂದರೆ ಎರಡೂ ಬದಿಗೆ ಇಂಧನ ಕಡಿಮೆ ಬೀಳುತ್ತಿದೆ: ಗಾಳಿ ಸೋರಿಕೆ, ಕೊಳೆಯಾದ ಏರ್‌ಫ್ಲೋ ಸೆನ್ಸರ್, ಇಲ್ಲವೇ ಇಂಧನದ ಒತ್ತಡ ಸಾಲದು. ಇದು ಇರುವಾಗ ಪೂರ್ತಿ ಆ್ಯಕ್ಸಿಲರೇಟರ್ ಒತ್ತಬೇಡಿ.

ಎಲ್ಲ ಸರಿಯಿದ್ದು ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ಪೂರ್ತಿ ಒತ್ತಿ, ಡ್ಯಾಶ್‌ಬೋರ್ಡಿನ ಬೂಸ್ಟ್ ಮೀಟರ್ ನೋಡಿ. ಕಾರ್ಖಾನೆಯ ಪುಲ್ಲಿಗೆ ಸುಮಾರು 8 ಪಿಎಸ್‌ಐ. 10-12 ತೋರಿಸಿದರೆ ಪುಲ್ಲಿ ಬದಲಾಗಿದೆ. ತೀರಾ ಕಡಿಮೆ ಇದ್ದರೆ ಒತ್ತಿದ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಶುರುವಿನಲ್ಲಿ ಏರಿ ಮೇಲಿನ ಆರ್‌ಪಿಎಂನಲ್ಲಿ ಬಿದ್ದರೆ ಬೆಲ್ಟ್ ಜಾರುತ್ತಿದೆ.

ಚಿಕ್ಕ ಪುಲ್ಲಿ ಕಂಡಾಗ ಟ್ಯೂನ್ ಎಲ್ಲಿದೆ ಎಂದು ಕೇಳಿ. ಈ ಕಾಲದ ಫೋರ್ಡ್‌ಗಳಲ್ಲಿ ಚಿಪ್ ಅನ್ನು ಎಂಜಿನ್ ಕಂಪ್ಯೂಟರಿನ ಸರ್ವಿಸ್ ಪೋರ್ಟ್‌ಗೆ ಸಿಕ್ಕಿಸುತ್ತಿದ್ದರು. ಮಾರುವ ಮುನ್ನ ಚಿಪ್ ಕಿತ್ತು ಪುಲ್ಲಿ ಹಾಗೇ ಬಿಟ್ಟರೆ, ಕಂಪ್ಯೂಟರ್ 8 ಪಿಎಸ್‌ಐ ಲೆಕ್ಕದಲ್ಲೇ ಇಗ್ನಿಷನ್ ಟೈಮಿಂಗ್ ಕೊಡುತ್ತದೆ, ನಾಕಿಂಗ್ ಪಿಸ್ಟನ್ ಒಡೆಯುತ್ತದೆ. ಇಂಥ ಗಾಡಿಯನ್ನು ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಅಳತೆ) ಮಾಡಿಸದೆ ಕೊಳ್ಳಬೇಡಿ. ಎಂಟೂ ಪ್ಲಗ್ ತೆಗೆದು, ಇಂಧನ ಕಡಿದು, ಥ್ರಾಟಲ್ ಪೂರ್ತಿ ತೆರೆದು ಅಳೆಯಬೇಕು. ಅತಿ ಕಡಿಮೆಯ ಸಿಲಿಂಡರ್ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಹಿಂದಿರುಗಿ.

ಗೇರ್‌ಬಾಕ್ಸ್ 4ಆರ್100, ಗಟ್ಟಿ ಜಾತಿಯದು. ಫ್ಲೂಯಿಡ್ ಮಟ್ಟವನ್ನು ಬಿಸಿಯಾಗಿ, ಎಂಜಿನ್ ಓಡುತ್ತಿರುವಾಗ ನೋಡಬೇಕು. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ, ಇಲ್ಲವೇ ಓವರ್‌ಡ್ರೈವ್ ಆಫ್ ದೀಪ ಮಿನುಗುತ್ತಿದ್ದರೆ ಬೆಲೆಯಿಂದ ಒಂದು ರೀಬಿಲ್ಡ್ ಖರ್ಚು ಕಳೆಯಿರಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತಿ: ಹಿಂದಿನಿಂದ ತಡೆತಡೆದು ನಡುಗಿದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಫ್ರಿಕ್ಷನ್ ಮಾಡಿಫೈಯರ್ ಬಿದ್ದಿಲ್ಲ, ಅಥವಾ ಕ್ಲಚ್ ಪ್ಲೇಟ್‌ಗಳು ಸವೆದಿವೆ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳ ಗಾಡಿಯಾದರೆ ಕೆಳಗೆ ಮಲಗಿ ಚಾಸಿ, ಬ್ರೇಕ್ ಪೈಪ್, ಇಂಧನ ಟ್ಯಾಂಕಿನ ಪಟ್ಟಿಗಳನ್ನು ನೋಡಿ. ಬ್ರೇಕ್ ಮಾಸ್ಟರ್ ಸಿಲಿಂಡರ್ ಬಳಿಯ ಕ್ರೂಸ್ ಕಂಟ್ರೋಲ್ ಸ್ವಿಚ್‌ನಿಂದ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ ಎಂದು ಆ ಕಾಲದ ಎಷ್ಟೋ ಫೋರ್ಡ್‌ಗಳಿಗೆ ರೀಕಾಲ್ (ರಿಪೇರಿಗಾಗಿ ಕಂಪನಿಯೇ ಹಿಂದಕ್ಕೆ ಕರೆಯುವುದು) ಬಂದಿತ್ತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ವಿಐಎನ್ ಹಾಕಿದರೆ ಬಾಕಿ ರೀಕಾಲ್ ತಿಳಿಯುತ್ತದೆ.

ಕೊಂಡ ಮೇಲೆ

ಹಳೆಯ ಮಾಲೀಕರ ಮಾತು ನಂಬದೆ ಮೊದಲ ವಾರವೇ ಎಲ್ಲ ದ್ರವಗಳನ್ನೂ ಬದಲಿಸಿ. ಎಂಜಿನ್ ಆಯಿಲ್ ಫಿಲ್ಟರ್ ಸೇರಿ 6 ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್, ಫಿಲ್ಟರ್ ಮೋಟರ್‌ಕ್ರಾಫ್ಟ್ ಎಫ್‌ಎಲ್-820ಎಸ್. ಆಯಿಲ್‌ನ ಗ್ರೇಡ್ (ದಪ್ಪ) ಆಯಿಲ್ ಮುಚ್ಚಳದ ಮೇಲೆ ಬರೆದಿದ್ದೇ ಇರಲಿ. ಡಿಫರೆನ್ಷಿಯಲ್‌ಗೆ 75ಡಬ್ಲ್ಯು-140 ಸಿಂಥೆಟಿಕ್ ಆಯಿಲ್ ಜೊತೆ 118 ಮಿ.ಲೀ. ಫ್ರಿಕ್ಷನ್ ಮಾಡಿಫೈಯರ್. ಗೇರ್‌ಬಾಕ್ಸ್‌ಗೆ ಮರ್ಕಾನ್ ವಿ ಫ್ಲೂಯಿಡ್. ಚಾಸಿಯ ಮೇಲಿರುವ ಇಂಧನ ಫಿಲ್ಟರನ್ನು ಮರೆಯಬೇಡಿ: ಅಗ್ಗದ ವಸ್ತು, ಆದರೆ ಅದು ಕಟ್ಟಿಕೊಂಡರೆ ಪೂರ್ಣ ಬೂಸ್ಟ್‌ನಲ್ಲೇ ಪೆಟ್ರೋಲ್ ಸಾಲದೆ ಎಂಜಿನ್ ಸುಡುತ್ತದೆ. ಪೆಟ್ರೋಲ್ 91 ಆಕ್ಟೇನ್‌ಗಿಂತ ಕಡಿಮೆ ಬೇಡ.

ಸೂಪರ್‌ಚಾರ್ಜರ್ ಮೂತಿಯಲ್ಲಿ ಅದರದೇ ಆಯಿಲ್ ಇದೆ. ಎಂಜಿನ್ ತಣ್ಣಗಿರುವಾಗ, ಸಮತಟ್ಟು ನೆಲದಲ್ಲಿ, ಮುಂದಿನ ಅಲೆನ್ ಪ್ಲಗ್ ತೆಗೆದು ನೋಡಿ. ಆಯಿಲ್ ರಂಧ್ರದ ಥ್ರೆಡ್‌ಗಳ ಕೆಳ ಅಂಚಿಗೆ ಬರಬೇಕು. ಸೂಪರ್‌ಚಾರ್ಜರ್‌ಗೆಂದೇ ಬರುವ ಆಯಿಲ್ ಹಾಕಿ, ಎಂಜಿನ್ ಆಯಿಲ್ ಅಲ್ಲ. ಹೆಚ್ಚು ತುಂಬಿದರೆ ಸೀಲ್ ದಾಟಿ ಇನ್‌ಟೇಕ್‌ಗೆ ಹೋಗುತ್ತದೆ. 30,000 ಮೈಲಿಗೊಮ್ಮೆ ಇದನ್ನೂ ಗೇರ್‌ಬಾಕ್ಸ್ ಫ್ಲೂಯಿಡನ್ನೂ ಒಟ್ಟಿಗೆ ನೋಡಿಕೊಂಡರೆ ನೆನಪಿಡುವುದು ಸುಲಭ.

ಟೈರ್ 295/45 ಆರ್18. ಪಕ್ಕದ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. ಟ್ರೆಡ್ ಎಷ್ಟೇ ಇರಲಿ, ಹತ್ತು ವರ್ಷ ದಾಟಿದ ಟೈರ್‌ನಲ್ಲಿ ಇಷ್ಟು ಟಾರ್ಕ್ ಇರುವ, ಹಿಂಭಾಗ ಹಗುರವಾದ ಗಾಡಿ ಮಳೆಯಲ್ಲಿ ತಿರುಗಿ ನಿಲ್ಲುತ್ತದೆ.

ಶಕ್ತಿ ಹೆಚ್ಚಿಸುವ ಆಸೆಯಿದ್ದರೆ, ಈ ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳು ಲೋಹದ ಪುಡಿಯಿಂದ ಒತ್ತಿ ಮಾಡಿದವು. ಚಕ್ರದ ಬಳಿ ಸುಮಾರು 450 ಅಶ್ವಶಕ್ತಿ ದಾಟಿದ ಮೇಲೆ ಅವು ಮುರಿದು ಬ್ಲಾಕಿನ ಗೋಡೆ ಸೀಳಿಕೊಂಡು ಹೊರಬಂದ ಉದಾಹರಣೆಗಳು ಬೇಕಾದಷ್ಟಿವೆ. ಅದಕ್ಕಿಂತ ಮೇಲೆ ಹೋಗಬೇಕೆಂದರೆ ಎಂಜಿನ್ ಬಿಚ್ಚಿ ಫೋರ್ಜ್ಡ್ ರಾಡ್, ಪಿಸ್ಟನ್ ಹಾಕಿಸಿದ ನಂತರವೇ ಪುಲ್ಲಿಗೆ ಕೈ ಹಾಕಿ.