ಪ್ರೆಸ್‌ನಲ್ಲಿ ಉಳಿಯದ ಹೂವಿಗೆ ಹೆಸರು ಕೊಡಿಸಿದ್ದು: ನನ್ನ ಅನುಭವ

"ಇದು ಮಾಮೂಲಿ ಗೌರಿಹೂವೇ. ಎತ್ತರದ ಚಳಿಗೆ ಕುಳ್ಳಾಗಿದೆ, ಅಷ್ಟೆ." ಬೆಟ್ಟದಲ್ಲಿ ಸಿಕ್ಕ ಗಿಡವೊಂದು ಹೊಸ ಪ್ರಭೇದ ಎಂದು ನಾವು ತೋರಿಸಿದ ಒಣಗಿಡದ ಹಾಳೆಗಳನ್ನು ನೋಡಿದ ಹಿರಿಯರಲ್ಲಿ ಹೆಚ್ಚಿನವರು ಹೇಳಿದ್ದು ಇಷ್ಟು. ಅವರನ್ನು ದೂರಿ ಪ್ರಯೋಜನವಿಲ್ಲ. ಗೌರಿಹೂವು ಸೇರಿದ ಇಂಪೇಷಿಯನ್ಸ್ ಕುಲದ ಹೂವನ್ನು ಒತ್ತಿ ಒಣಗಿಸಲು ಪ್ರೆಸ್‌ಗೆ ಹಾಕಿ ತೆಗೆದರೆ ಉಳಿಯುವುದು ಒಂದು ಕಂದು ಕಲೆ. ದಳ ಯಾವುದು, ಹೂವಿನ ಹಿಂದೆ ಬಾಲದಂತೆ ಚಾಚಿದ ಕೊಂಬು ಯಾವುದು ಎಂಬುದೂ ತಿಳಿಯುವುದಿಲ್ಲ. ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅಂಥವರೇ 1911ರಲ್ಲಿ ತೀರಿಕೊಳ್ಳುವವರೆಗೂ ಈ ಕುಲದ ಒಣ ಹೂಗಳೊಂದಿಗೆ ಗುದ್ದಾಡಿದರು. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಕುಲದಲ್ಲಿ ಇನ್ನೊಂದನ್ನು ಸೇರಿಸುತ್ತೇನೆ ಎಂದರೆ ಯಾರಾದರೂ ಹುಬ್ಬೇರಿಸುವುದು ಸಹಜ. ಈಗ ಹೆಸರು ಪ್ರಕಟವಾಗಿದೆ, ಅದರ ಹಿಂದೆ ನನ್ನ ಹೆಸರೂ ಇದೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲ ಎರಡು ಋತುಗಳು ಪೂರ್ತಿ ನೀರುಪಾಲಾದವು. ಈ ಗಿಡ ಹೂಬಿಡುವುದು ಮಂಜು, ಮಳೆ ಎರಡೂ ಬಿಡದಿರುವಾಗ. ಕಾಂಡದ ತುಂಬ ನೀರು. ಹೀರುಕಾಗದವನ್ನು ದಿನಕ್ಕೆ ಮೂರು ಬಾರಿ ಬದಲಿಸಿದರೂ ಎಲೆಗಳು ಗಿಣ್ಣಿನಲ್ಲೇ ಕಳಚಿ ಬೀಳುತ್ತಿದ್ದವು, ಉಳಿದದ್ದಕ್ಕೆ ಬೂಷ್ಟು. ಹೀಟರಿನ ಮೇಲೆ ಒಣಗಿಸಿದರೆ ಹೂವು ಕಾಗದಕ್ಕೇ ಅಂಟಿಕೊಂಡಿತು. 70 ಪ್ರತಿಶತ ಆಲ್ಕೋಹಾಲಿನಲ್ಲಿಟ್ಟರೆ ಆಕಾರ ಚೆನ್ನಾಗಿ ಉಳಿಯುತ್ತದೆ, ಬಣ್ಣ ಮಾತ್ರ ಒಂದೆರಡು ದಿನದಲ್ಲೇ ಹೋಗುತ್ತದೆ. ನಮ್ಮ ಗಿಡವನ್ನು ಬೇರ್ಪಡಿಸುವ ಲಕ್ಷಣಗಳಲ್ಲಿ ಒಂದು, ಕೆಳಗಿನ ಪುಷ್ಪಪತ್ರದ ಒಳಗೋಡೆಯ ಹಳದಿ ಗೆರೆಗಳು. ಅವು ಸೀಸೆಯಲ್ಲಿ ಕಾಣುವುದೇ ಇಲ್ಲ.

ಕೊನೆಗೆ ಹೂವನ್ನು ಕೆಳಗೆ ತರುವ ಆಸೆಯನ್ನೇ ಬಿಟ್ಟೆವು. ಹಳೆಯ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಒಂದನ್ನು ಮೇಲಕ್ಕೆ ಹೊತ್ತು, ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಕೊಟ್ಟು, ಟೆಂಟಿನೊಳಗೆ ಹಸಿ ಹೂಗಳನ್ನು ಬಿಡಿಸಿ ಅಲ್ಲೇ ಸ್ಕ್ಯಾನ್ ಮಾಡಿದೆವು. ಪಕ್ಕದ ಪುಷ್ಪಪತ್ರ, ಕೊಂಬು, ಮೇಲಿನ ದಳ, ಜೋಡಿ ಬೆಸೆದ ರೆಕ್ಕೆದಳಗಳು, ಎಲ್ಲವೂ ಒಂದೇ ಕ್ರಮದಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ, ಮೇಲೆ ಕಪ್ಪು ಬಟ್ಟೆ. ಒಂದು ಗಿಡಕ್ಕೆ ಒಂದೇ ಹೂವು. ಪರಾಗಕೋಶದ ಟೊಪ್ಪಿ ಇನ್ನೂ ಇದೆಯೇ, ಉದುರಿ ಶಲಾಕಾಗ್ರ ಹೊರಬಿದ್ದಿದೆಯೇ ಎಂಬುದನ್ನು ತಪ್ಪದೆ ಬರೆದುಕೊಂಡೆವು. ಟೊಪ್ಪಿಯಿರುವ ಗಂಡು ಹಂತದ ಹೂವನ್ನೂ ಅದು ಉದುರಿದ ಹೆಣ್ಣು ಹಂತದ ಹೂವನ್ನೂ ಒಂದೇ ರಾಶಿಗೆ ಹಾಕಿದರೆ ಅಳತೆ ಕಲಸುಮೇಲೋಗರವಾಗುತ್ತದೆ. ರೆಕ್ಕೆದಳ ಗಾಜಿನ ಮೇಲೆ ಸುರುಳಿ ಸುತ್ತಿಕೊಳ್ಳದಂತೆ ಮಾಡಲು ಒಂದು ಉಪಾಯವಿದೆ. ಅದನ್ನು ಮುಂದಿನ ಪ್ರಬಂಧದವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೆನಪಿನಿಂದ ಹೇಳುವುದಾದರೆ ನಮ್ಮ ಗಿಡದ ಕೊಂಬು 6ರಿಂದ 9 ಮಿಲಿಮೀಟರ್, ಮಾಮೂಲಿಯದು 20ರ ಮೇಲೆ. ನಡುವೆ ಒಂದೂ ಇಲ್ಲ.

ಸ್ಕ್ಯಾನ್ ಎಷ್ಟೇ ಚೆಂದವಿದ್ದರೂ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಮೂಲ ಮಾದರಿ, ಆಗುವುದಿಲ್ಲ. ಸಸ್ಯನಾಮಕರಣದ ನಿಯಮದಂತೆ 2007ರಿಂದೀಚೆಗೆ ನಮ್ಮದರಂಥ ಗಿಡಗಳಿಗೆ ಚಿತ್ರವನ್ನು ಟೈಪ್ ಎಂದು ಕೊಡುವಂತಿಲ್ಲ. ಹಾಗಾಗಿ ಬೇರುಸಹಿತ ಕಿತ್ತ ಗಿಡ ಹಾಳೆಗೆ, ಅದರದೇ ಹೂವು ಸೀಸೆಗೆ, ಬಿಡಿಸಿದ ಭಾಗಗಳು ಹಾಳೆಯ ಮೇಲಿನ ಕಾಗದದ ಲಕೋಟೆಗೆ ಹೋದವು. ಎಲ್ಲಕ್ಕೂ ಒಂದೇ ಸಂಗ್ರಹ ಸಂಖ್ಯೆ, ಒಂದರ ಚೀಟಿಯಲ್ಲಿ ಇನ್ನೊಂದರ ಉಲ್ಲೇಖ. ಈ ಉಲ್ಲೇಖ ಬಿಟ್ಟುಹೋದರೆ ಸೀಸೆಯೇ ಬೇರೆ ಮಾದರಿ ಎಂದು ಯಾರಾದರೂ ತಕರಾರು ತೆಗೆಯಬಹುದು. ಗಿಡಗಳಿದ್ದದ್ದು ಇನ್ನೂರರ ಆಸುಪಾಸು. ಇಪ್ಪತ್ತಕ್ಕೆ ಒಂದಕ್ಕಿಂತ ಹೆಚ್ಚು ಕೀಳಬಾರದೆಂಬ ಲೆಕ್ಕಕ್ಕೂ ಬಹಳ ಕೆಳಗೇ ನಿಂತೆವು. ಐಸೋಟೈಪ್ (ಮೂಲ ಮಾದರಿಯ ಜೊತೆಗೇ ಸಂಗ್ರಹಿಸಿದ ಜೋಡಿ ಮಾದರಿ) ಕಡಿಮೆಯಾಯಿತೆಂದು ಗೊಣಗಿದವರು ಗೊಣಗಲಿ.

ಹಣದ ವಿಚಾರ. ಅರ್ಧಕ್ಕಿಂತ ಹೆಚ್ಚು ಪ್ರಯಾಣಕ್ಕೇ ಹೋಯಿತು. ಹೂಬಿಡುವುದು ಕೆಲವೇ ವಾರ, ಮಳೆ ಜೋರಾದರೆ ಬರಿಗೈಯಲ್ಲಿ ವಾಪಸ್. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಡಿಎನ್ಎ ಖರ್ಚಿಗೆ. ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆಯ ಲೋಳೆಯಿಂದಾಗಿ ಮೊದಲ ಕಂತಿನಲ್ಲಿ ಏನೂ ಬರಲಿಲ್ಲ, ಬಿಲ್ ಮಾತ್ರ ಬಂತು. ಎಳೆಯ ಮೊಗ್ಗು ಕೊಟ್ಟ ಮೇಲೆ ಐಟಿಎಸ್ (ಪ್ರಭೇದಗಳನ್ನು ಹೋಲಿಸಲು ಬಳಸುವ ಡಿಎನ್ಎ ತುಣುಕು) ಸಿಕ್ಕಿತು. ಅದರಲ್ಲೂ ಬೆರಳೆಣಿಕೆಯ ವ್ಯತ್ಯಾಸ, ಪತ್ರಿಕೆಯ ಪರವಾಗಿ ಪ್ರಬಂಧ ಓದುವ ಪರಿಶೀಲಕರ ಮನಸ್ಸು ಕರಗಲಿಲ್ಲ. ಇನ್ನೊಮ್ಮೆ ಮಾಡುವುದಾದರೆ ಆ ದುಡ್ಡನ್ನು ಮತ್ತೊಂದು ಋತುವಿನ ಪ್ರಯಾಣಕ್ಕೆ ಹಾಕುತ್ತೇನೆ. ಉಳಿತಾಯವಾದದ್ದು ಹಳೆಯ ಟೈಪ್ ಹಾಳೆಗಳಲ್ಲಿ. ದೊಡ್ಡ ಹರ್ಬೇರಿಯಂಗಳು (ಒಣಗಿಡಗಳ ಸಂಗ್ರಹಾಲಯಗಳು) ಒಳ್ಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ, ಅಲ್ಲಿಯವರೆಗೆ ಹೋಗುವ ಖರ್ಚು ಇಲ್ಲ. ಪ್ರಕಟಣೆಗೂ ಪುಟದ ಶುಲ್ಕ ಕೇಳದ ಪತ್ರಿಕೆಯನ್ನೇ ಹುಡುಕಿದೆವು. ಹೊಸ ಹೆಸರಿಗೆ 2012ರಿಂದ ಐಎಸ್‌ಎಸ್‌ಎನ್ (ನಿಯತಕಾಲಿಕದ ಗುರುತುಸಂಖ್ಯೆ) ಇರುವ ಪಿಡಿಎಫ್ ಸಾಕು, ಲ್ಯಾಟಿನ್ ವಿವರಣೆಯೂ ಕಡ್ಡಾಯವಲ್ಲ. ಲ್ಯಾಟಿನ್ ಬರೆಸಲು ತಜ್ಞರ ಬಾಗಿಲು ಕಾಯುತ್ತಿದ್ದ ಹಳಬರಿಗೆ ಇದರ ಬೆಲೆ ಗೊತ್ತು.

ಪರಿಶೀಲಕರನ್ನು ಒಪ್ಪಿಸಿದ್ದು ಪ್ರಬಂಧದ ಯೋಜನೆಯಲ್ಲೇ ಇರದಿದ್ದ ಒಂದು ಕುತೂಹಲ. ನಮ್ಮದು, ಮಾಮೂಲಿಯದು ಎರಡೂ ಗಿಡಗಳ ಬಲಿತ ಕಾಯಿಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಸಿಡಿದ ಬೀಜ ಹಿಡಿದು, ಒದ್ದೆ ಮರಳಿನಲ್ಲಿ ಬೆರೆಸಿ ಮನೆಯ ಫ್ರಿಜ್ಜಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಇಟ್ಟೆ. ತಣ್ಣಗೆ ಇಡದೆ ಬಿತ್ತಿದವು ಬಹುತೇಕ ಮೊಳೆಯಲೇ ಇಲ್ಲ. ಮೊಳೆತವನ್ನು ಕೆಳಗಿನ ಹವೆಯಲ್ಲಿ ಅಕ್ಕಪಕ್ಕದ ಕುಂಡಗಳಲ್ಲಿ ಬೆಳೆಸಿದೆ. ನಮ್ಮ ಗಿಡ ಎತ್ತರಕ್ಕೇನೋ ಬೆಳೆಯಿತು, ಬೆಟ್ಟದಲ್ಲಿದ್ದುದರ ಎರಡರಷ್ಟು. ಹೂವು ಬಿಟ್ಟಾಗ ಕೊಂಬು ಮಾತ್ರ ಅದೇ 8 ಮಿಲಿಮೀಟರ್! ಹಿರಿಯರ ಮಾತಿನಲ್ಲಿ ಕುಳ್ಳತನದ ಭಾಗ ನಿಜವೇ ಆಗಿತ್ತು, ಹೂವಿನ ಭಾಗ ಅಲ್ಲ. ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿಯೂ ನೋಡಿದೆ. ಕಾಯಿ ಕಟ್ಟಿದವು ಕೆಲವು, ಒಳಗೆ ಜೊಳ್ಳು. ಸಂಖ್ಯೆ ಕಡಿಮೆಯಾದ್ದರಿಂದ ಅದನ್ನು ಪ್ರಬಂಧದಲ್ಲಿ ಸೇರಿಸಲಿಲ್ಲ.

ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪ್ರಭೇದಗಳಿಗೆ ಕೊಡುವ ಅಪಾಯದ ವರ್ಗದ ಬಗ್ಗೆ ಒಂದು ಮಾತು. ಒಂದೇ ಜಾಗ, ಎರಡು ಕಿಲೋಮೀಟರಿನ ಒಂದೇ ಚೌಕ, ಅಂದರೆ 4 ಚದರ ಕಿಲೋಮೀಟರ್. ಇಷ್ಟಕ್ಕೇ ಅತಿ ತೀವ್ರ ಅಪಾಯ ಎಂದು ಬರೆದುಬಿಡುವ ಚಾಳಿ ನಮ್ಮಲ್ಲಿ ಬೆಳೆದಿದೆ. ಜಾಗ ಕುಗ್ಗುತ್ತಿದೆ ಎಂಬುದಕ್ಕೋ ಸಂಖ್ಯೆ ವಿಪರೀತ ಏರಿಳಿಯುತ್ತಿದೆ ಎಂಬುದಕ್ಕೋ ಸಾಕ್ಷಿ ಬೇಕು, ನಮ್ಮಲ್ಲಿ ಎರಡೂ ಇರಲಿಲ್ಲ. ಬಲಿತ ಗಿಡಗಳು 250ಕ್ಕಿಂತ ಕಡಿಮೆ ಎಂಬ ಒಂದೇ ಆಧಾರದ ಮೇಲೆ ಒಂದು ಮೆಟ್ಟಿಲು ಕೆಳಗಿನ ವರ್ಗ ಸೂಚಿಸಿದೆವು.

ಪ್ರಕಟವಾದ ಪ್ರಬಂಧದಲ್ಲಿ ಅಕ್ಷಾಂಶ, ರೇಖಾಂಶಗಳನ್ನು ಬೇಕೆಂದೇ ಒರಟಾಗಿ ಕೊಟ್ಟಿದ್ದೇವೆ. ಹಾಳೆ, ಸೀಸೆ ನೋಡಬೇಕೆನ್ನುವವರು ಹರ್ಬೇರಿಯಂಗೆ ಹೋಗಿ ನೋಡಬಹುದು. ಜಾಗ ಕೇಳಿ ಬರೆದವರಿಗೆಲ್ಲ ನಾನು ಕಳಿಸುವುದು ಸ್ಕ್ಯಾನ್ ಮಾತ್ರ.